ಮಗುವಿನ ಕೈಕೆಲಸ, ಕಚೇರಿಯ ಲೆಕ್ಕ: ಧಾರವಾಡ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಸೃಜನಶೀಲತೆಯ ಚರಿತ್ರೆ

ಶಾಲೆಯಲ್ಲಿ ಮಕ್ಕಳ ಸೃಜನಶೀಲತೆಗೆ ಎಡೆ ಸಿಗಬೇಕು ಎಂಬ ಬೇಡಿಕೆ ಈ ಕಾಲದ್ದೆಂದು ತಿಳಿಯುವವರೇ ಹೆಚ್ಚು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2009ರ ಶಿಕ್ಷಣ ಹಕ್ಕು ಕಾಯ್ದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರೂ ಅದನ್ನೇ ಒತ್ತಿ ಹೇಳಿರುವುದರಿಂದ ಹಾಗೆ ತೋರುವುದು ಸಹಜ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ಶಾಲೆಗಳ ಮಟ್ಟಿಗಾದರೆ ಈ ಬೇಡಿಕೆಗೆ ಒಂದೂವರೆ ಶತಮಾನದ ಹಿನ್ನೆಲೆಯಿದೆ. 1860ರ ದಶಕದಲ್ಲಿ ಧಾರವಾಡದ ಶಿಕ್ಷಕ ತರಬೇತಿಯ ಮೂಲಕ, 1938ರ ಸುಮಾರಿಗೆ ಮೂಲ ಶಿಕ್ಷಣದ ಹೆಸರಿನಲ್ಲಿ, 2009ರಿಂದ ಈಚೆಗೆ ಚಟುವಟಿಕೆಯ ಕಾರ್ಡುಗಳ ಮೂಲಕ ಕಲಿಸುವ ನಲಿಕಲಿಯ ರೂಪದಲ್ಲಿ ಅದು ಮೂರು ಸಲ ಶಾಲೆಯೊಳಗೆ ಕಾಲಿಟ್ಟಿದೆ. ಮೂರು ಸಲವೂ ಅದರ ಹುರುಪು ಉಳಿಯಲಿಲ್ಲ. ಇದಕ್ಕೆ ಹಣದ ಅಭಾವವನ್ನೋ ಶಿಕ್ಷಕರ ಉದಾಸೀನವನ್ನೋ ಕಾರಣವಾಗಿ ಹೇಳುವುದು ರೂಢಿ. ಆದರೆ ಲಭ್ಯ ಚರಿತ್ರೆ ಬೇರೊಂದು ಕಾರಣದತ್ತ ಬೆರಳು ಮಾಡುತ್ತದೆ: ಮಗು ಮಾಡಿದ್ದನ್ನು ತೂಗಿ ನೋಡುವ ಅಧಿಕಾರ ಅದನ್ನು ಕಣ್ಣಾರೆ ಕಂಡ ಶಿಕ್ಷಕರಿಂದ ದೂರದ ಕಚೇರಿಯ ನಮೂನೆಗೆ ಹೋದಾಗಲೆಲ್ಲ ಸೃಜನಶೀಲತೆ ಬರಿಯ ಕವಾಯತಾಗಿದೆ.

ಮೊದಲು ಶಾಲೆಯ ಹೊರಗಿನ ಸ್ಥಿತಿಯನ್ನು ಗಮನಿಸಬೇಕು. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಭಾಗದ ಮಕ್ಕಳು ಎರಿ ಮಣ್ಣು ತಂದು ಕಲಸಿ ಎತ್ತು ಮಾಡುತ್ತಾರೆ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿ ಕಟ್ಟುತ್ತಾರೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಕುಸುಬಿ ಕಾಳಿನಿಂದ ಸಿಂಗರಿಸುತ್ತಾರೆ. ಎರಿ ಮಣ್ಣು ಒಣಗಿದರೆ ಬಿರಿಯುವಂಥದು. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತವೆ, ಕಡಿಮೆಯಾದರೆ ಕೋಡು ಮುರಿದು ಬೀಳುತ್ತವೆ. ಈ ಹದವನ್ನು ಮಗು ಕೆಡಿಸಿ ಕಟ್ಟಿ ಕಲಿಯುತ್ತದೆ. ಹೀಗೆ ಅಳತೆ, ಸಮತೋಲ, ದ್ರವ್ಯಗುಣದ ಅರಿವೆಲ್ಲ ಕೂಡಿದ ಕೆಲಸ ನಡೆಯುವ ದಿನವನ್ನು ಶಾಲೆ ಹಬ್ಬದ ಲೆಕ್ಕಕ್ಕೆ ಸೇರಿಸಿತೇ ಹೊರತು ಪಾಠದ ಲೆಕ್ಕಕ್ಕೆ ಸೇರಿಸಲಿಲ್ಲ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ, ಕಲಘಟಗಿಯ ಬಣ್ಣದ ತೊಟ್ಟಿಲು ಊರಾಚೆ ಹೆಸರು ಮಾಡಿದರೂ ಅವೇ ಊರುಗಳ ತರಗತಿಗಳಲ್ಲಿ ಅವಕ್ಕೆ ಪಾಠದ ಸ್ಥಾನ ಸಿಕ್ಕಿದ್ದು ಅಪರೂಪ. ಆದ್ದರಿಂದ ಹಳ್ಳಿಯ ಮಗುವಿಗೆ ಕಲ್ಪನೆಯನ್ನು ಹೊರಗಿನಿಂದ ತಂದು ಕೊಡಬೇಕೆಂಬ ಗ್ರಹಿಕೆಗೆ ಆಧಾರವಿಲ್ಲ.

ಹತ್ತೊಂಬತ್ತನೆಯ ಶತಮಾನದ ಗಾಂವಠಿ ಶಾಲೆಗಳಲ್ಲಿ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದೇ ಮುಖ್ಯವಾಗಿತ್ತು. ಸರಕಾರಿ ವ್ಯವಹಾರದಲ್ಲಿ ಮರಾಠಿ ಪ್ರಬಲವಾಗಿದ್ದ ಮುಂಬಯಿ ಇಲಾಖೆಯ ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಪ್ರಮುಖರು. ಧಾರವಾಡದ ಶಿಕ್ಷಕ ತರಬೇತಿ ಶಾಲೆಯ ಹೊಣೆ ಹೊತ್ತ ಅವರೇ ಷೇಕ್ಸ್‌ಪಿಯರನ ಪ್ರಹಸನವೊಂದನ್ನು ಕನ್ನಡದ ಕಥೆಯಾಗಿಸಿದವರು. 1865ರಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಮುಂದೆ ಅದು ‘ಶಾಲಾಪತ್ರಕ’ವಾಯಿತು, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಅದನ್ನು ನಡೆಸಿದರು. ಇಂದಿನ ‘ಜೀವನ ಶಿಕ್ಷಣ’ ಅದೇ ಪರಂಪರೆಯದು. ಹಳ್ಳಿಯ ಮಾಸ್ತರ ಓದುವವನೂ ಬರೆಯುವವನೂ ಆಗಿರಬೇಕು ಎಂಬ ನಂಬಿಕೆ ಈ ಕೆಲಸದ ಹಿಂದೆ ಇದ್ದಂತಿದೆ. ಆದರೆ ಅದೇ ಕಾಲದ ಆಡಳಿತ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತಿತ್ತು. ತಪಾಸಣೆಯ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾದರೆಂಬುದನ್ನು ನೋಡಿ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿ ಮುಂಬಯಿ ಇಲಾಖೆಯಲ್ಲಿತ್ತು. ಭಾರತ ಸರಕಾರ ಈ ಫಲಾನುಸಾರಿ ಅನುದಾನವನ್ನು ಕೈಬಿಡಲು ಹೇಳಿದ್ದು 1904ರ ನಿರ್ಣಯದಲ್ಲಿ. ಸರಕಾರಿ ಶಾಲೆಗಳಲ್ಲಿ ಪ್ರಾಥಮಿಕ ಹಂತದ ಕೊನೆಯ ಮುಲ್ಕಿ ಪರೀಕ್ಷೆ ನೌಕರಿಯ ಬಾಗಿಲಾಯಿತು. ಮಾಸ್ತರನಿಗೆ ಪತ್ರಿಕೆಯಿಂದ ಬಂದ ಸಲಹೆ ಒಂದಾದರೆ ತಪಾಸಣೆಯ ಸಾಹೇಬರು ಎಣಿಸುತ್ತಿದ್ದದ್ದು ಇನ್ನೊಂದು.

ಎರಡನೆಯ ಸಲದ ಪ್ರಯತ್ನ ಇದಕ್ಕಿಂತ ಧೈರ್ಯದ್ದು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ವಿಚಾರಕ್ಕೆ ಝಾಕಿರ್ ಹುಸೇನ್ ಸಮಿತಿ ರೂಪ ಕೊಟ್ಟಿತು. ಬಿ.ಜಿ. ಖೇರ್ ನೇತೃತ್ವದ ಮುಂಬಯಿ ಸರಕಾರ ಕೆಲವು ಜಿಲ್ಲೆಗಳನ್ನು ಆಯ್ದು ಮೂಲ ಶಿಕ್ಷಣವನ್ನು ಆರಂಭಿಸಿತು, ಅವುಗಳಲ್ಲಿ ಧಾರವಾಡವೂ ಒಂದು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ ಈ ಆಡಳಿತದ ಹೊರಗಿತ್ತು. ಕಸುಬೇ ಕಲಿಕೆಯ ಕೇಂದ್ರವಾಗಬೇಕು, ಗಣಿತ, ಭೂಗೋಳ, ಭಾಷೆ ಅದರಿಂದಲೇ ಹೊಮ್ಮಬೇಕು ಎಂಬುದು ಮೂಲ ಆಶಯ. ಹತ್ತಿ ಬೆಳೆಯುವ ಸೀಮೆಯಲ್ಲಿ ಹಂಜಿ ಮತ್ತು ತಕಲಿ ಹಿಡಿದ ಮಗುವಿಗೆ ಹೊಲದಿಂದ ಬಟ್ಟೆಯವರೆಗಿನ ಇಡೀ ಕಥೆ ಕೈಗೆಟಕುವಂತಿತ್ತು. ನೂಲಿನ ಎಳೆ ಯಾಕೆ ತುಂಡಾಗುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಎಳೆಯ ಉದ್ದ, ಹುರಿ, ಹವೆಯ ತೇವ ಮೂರನ್ನೂ ಚರ್ಚಿಸಬಹುದಿತ್ತು. ಆದರೆ ಮಕ್ಕಳ ಉತ್ಪನ್ನದಿಂದ ಶಿಕ್ಷಕರ ಸಂಬಳದ ಭಾರವನ್ನಾದರೂ ಇಳಿಸಬಹುದೆಂಬ ನಿರೀಕ್ಷೆ ಯೋಜನೆಯೊಳಗೇ ಸೇರಿತ್ತು. ಆರ್ಥಿಕ ಉದ್ದೇಶ ಶೈಕ್ಷಣಿಕ ಉದ್ದೇಶವನ್ನು ನುಂಗಬಹುದು ಎಂದು ಸಮಿತಿ ತನ್ನ ವರದಿಯಲ್ಲೇ ಎಚ್ಚರಿಸಿತ್ತು. ನೂಲಿನ ಲಡಿಗಳನ್ನು ಎಣಿಸುವುದು ಸುಲಭ, ಮಗು ಕೇಳಿದ ಪ್ರಶ್ನೆಯನ್ನು ದಾಖಲಿಸುವುದು ಕಷ್ಟ. ವಹಿಯಲ್ಲಿ ಉಳಿಯುವುದು ಸುಲಭದ್ದೇ. 1939ರಲ್ಲಿ ಸಚಿವ ಸಂಪುಟ ರಾಜೀನಾಮೆ ಕೊಟ್ಟ ಮೇಲೆ ರಾಜಕೀಯ ಬೆಂಬಲವೂ ಕುಗ್ಗಿತು.

ನಲಿಕಲಿಯ ಚರಿತ್ರೆ ಇದೇ ವಾದವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಅದು ಆರಂಭವಾದಾಗ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡು ಬಂದ ಸರಕಾರಿ ಶಾಲೆಯ ಶಿಕ್ಷಕರೇ ಕೂತು ಕಾರ್ಡುಗಳನ್ನು ರಚಿಸಿದರು, ಹಾಡು, ಆಟ ಸೇರಿಸಿದರು. 2009–10ರಲ್ಲಿ ರಾಜ್ಯದ ಎಲ್ಲ ಕನ್ನಡ ಸರಕಾರಿ ಶಾಲೆಗಳಿಗೆ ಹಬ್ಬುವ ಹೊತ್ತಿಗೆ ಕಾರ್ಡುಗಳು ಅಚ್ಚಾಗಿ ಬಂದವು. ಕಲಘಟಗಿಯ ಮಲೆನಾಡ ಸೆರಗಿನಲ್ಲಿಯೂ ಅಣ್ಣಿಗೇರಿಯ ಬಯಲಿನಲ್ಲಿಯೂ ಮಕ್ಕಳು ಹಂತ ಹಂತವಾಗಿ ಏರಬೇಕಾದ ಅದೇ ಕಲಿಕಾ ಏಣಿ, ಅದೇ ಮೈಲಿಗಲ್ಲು. ಹಾಗಿದ್ದೂ ತರಗತಿಯ ಚಿತ್ರ ಬದಲಾದದ್ದು ನಿಜ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು, ಗೋಡೆ ಹಲಗೆಯಲ್ಲಿ ಒಬ್ಬೊಬ್ಬರಿಗೂ ಬರೆಯಲು ಜಾಗ ಸಿಕ್ಕಿತು, ತಲೆಯ ಮೇಲಿನ ಚಪ್ಪರದಲ್ಲಿ ಅವರವರ ಚಿತ್ರಗಳು ತೂಗಿದವು. ಕಳೆದುಹೋದದ್ದು ಶಿಕ್ಷಕರ ಕರ್ತೃತ್ವ. ಕಾರ್ಡು ಕಟ್ಟುವವರಾಗಿದ್ದವರು ಕಾರ್ಡು ಹಂಚುವವರಾದರು, ಪ್ರಗತಿ ನೋಟವೆಂದರೆ ಮೈಲಿಗಲ್ಲುಗಳ ಎಣಿಕೆಯಾಯಿತು.

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಓದಲು ಬಾರದ ಮಗುವಿಗೆ ಚಿತ್ರ, ಹಾಡಿನ ಉಪಚಾರ ಯಾಕೆ, ಮೊದಲು ತಾಲೀಮು ಆಗಲಿ ಎಂಬುದು ಒಂದು. ಪುನರಾವರ್ತನೆ ಮತ್ತು ಸೃಜನಶೀಲತೆಯನ್ನು ಶತ್ರುಗಳೆಂದು ಭಾವಿಸಿದಾಗ ಮಾತ್ರ ಈ ಆಕ್ಷೇಪಕ್ಕೆ ಬಲ. ಕುಂದಗೋಳದಲ್ಲೇ ಇದಕ್ಕೆ ಉತ್ತರವಿದೆ. ಅಲ್ಲಿಯ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ (1886–1952) ಬಳಿ ಭೀಮಸೇನ ಜೋಶಿ 1936ರಿಂದ ಗುರುಗೃಹದಲ್ಲಿದ್ದು ಕಲಿತರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಕಲಿತರು. ಕೆಲವೇ ರಾಗಗಳನ್ನು ದೀರ್ಘಕಾಲ ತಿದ್ದಿಸಿಕೊಂಡ ಈ ಇಬ್ಬರೂ ಒಬ್ಬರಂತೊಬ್ಬರು ಹಾಡಲಿಲ್ಲ. ಅಲ್ಲಿ ಪ್ರತಿ ಪುನರಾವರ್ತನೆಯನ್ನೂ ಒಂದು ಕಿವಿ ಆಲಿಸುತ್ತಿತ್ತು, ಯಾವಾಗ ಬಿಗಿ ಸಡಿಲಿಸಬೇಕೆಂದು ಆ ಕಿವಿಗೆ ಗೊತ್ತಿತ್ತು. ಗುರುಮನೆಯ ಪದ್ಧತಿಯನ್ನು ಐವತ್ತು ಮಕ್ಕಳ ತರಗತಿಗೆ ಹಾಗೇ ತರಲಾಗದು, ಆದರೆ ತಾಲೀಮು ಫಲ ಕೊಡುವುದು ಕೇಳುವ ಗುರುವಿನಿಂದ ಎಂಬ ತತ್ವ ಎರಡು ಕಡೆಗೂ ಒಂದೇ.

ಎರಡನೆಯ ಆಕ್ಷೇಪ ಸಾಮಾಜಿಕ ನ್ಯಾಯದ್ದು, ಹೆಚ್ಚು ತೂಕದ್ದು. ಮುಲ್ಕಿ ಪಾಸಾದ ಬಡ ರೈತನ ಮಗ ಮಾಸ್ತರನೋ ತಲಾಠಿಯೋ ಆಗಬಹುದಿತ್ತು. ಜಾತಿಯ ಕಸುಬಿನಿಂದ ಬಿಡಿಸಿಕೊಳ್ಳಲು ಶಾಲೆಗೆ ಬಂದವರಿಗೆ ಶಾಲೆಯೇ ಕಸುಬು ಕಲಿಸಹೊರಟರೆ ಅನುಮಾನ ಹುಟ್ಟುವುದು ನ್ಯಾಯ. ಎಲ್ಲರಿಗೂ ಒಂದೇ ಪರೀಕ್ಷೆಯೆಂಬುದು ಶಿಕ್ಷಕರ ಪಕ್ಷಪಾತದ ವಿರುದ್ಧ ಒಂದು ರಕ್ಷಣೆಯೂ ಹೌದು. ಇದನ್ನು ಒಪ್ಪಿಕೊಂಡೇ ಹೇಳಬೇಕಾದದ್ದಿದೆ. ಪರೀಕ್ಷೆ ಇರಲಿ, ಅದು ಅಳೆಯಬಲ್ಲದ್ದನ್ನು ಅಳೆಯಲಿ, ಅಳೆಯಲಾಗದ್ದನ್ನು ಶಾಲೆಯಿಂದ ಹೊರಹಾಕುವ ಹಕ್ಕು ಅದಕ್ಕೆ ಬೇಡ. ಉಳ್ಳವರ ಮಕ್ಕಳಿಗೆ ಸಂಗೀತ, ಚಿತ್ರಕಲೆಯ ಮನೆಪಾಠ ಉಂಟು. ಹಳ್ಳಿಯ ಬಡ ಮಗುವಿಗೆ ಅಂಥ ಅವಕಾಶ ಸಿಗಬೇಕಾದರೆ ಅದು ಸರಕಾರಿ ಶಾಲೆಯಲ್ಲೇ ಸಿಗಬೇಕು. ಹಾಗಾಗಿ ನ್ಯಾಯದ ಹೆಸರಿನಲ್ಲಿ ಸೃಜನಶೀಲತೆಯನ್ನು ಮುಂದೂಡುವುದು ಅನ್ಯಾಯವನ್ನೇ ಗಟ್ಟಿ ಮಾಡುತ್ತದೆ. ಕಸುಬು ಜಾತಿಯ ಗುರುತಾಗದಂತೆ ತಡೆಯಲು ಎಲ್ಲ ಮಕ್ಕಳೂ ಎಲ್ಲ ಕೆಲಸಕ್ಕೂ ಕೈಹಾಕುವಂತಾಗಬೇಕು.

ಈಗಿನ ಕಾನೂನಿನಲ್ಲೂ ಹಳೆಯ ಇಬ್ಬಂದಿತನ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಚಟುವಟಿಕೆ, ಅನ್ವೇಷಣೆಯ ಮೂಲಕ ಕಲಿಕೆ ನಡೆಯಬೇಕೆನ್ನುತ್ತದೆ. ಅದೇ ಕಾಯ್ದೆಯ ಅನುಸೂಚಿ 6ರಿಂದ 8ನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲೆ ಮತ್ತು ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡುತ್ತದೆ. ಸಣ್ಣ ಊರಿನ ಶಾಲೆಗೆ ಆ ಸಂಖ್ಯೆ ಸಿಗುವುದು ದುರ್ಲಭ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಗೆಲ್ಲಬಲ್ಲ ನಾಲ್ಕು ಮಕ್ಕಳನ್ನು ವೇದಿಕೆಗೆ ಏರಿಸುತ್ತವೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಬೇಕಾದ ಬದಲಾವಣೆಗೆ ದೊಡ್ಡ ಯೋಜನೆಯ ಅಗತ್ಯವಿಲ್ಲ. ವಾರದ ಒಂದಿಷ್ಟು ಅವಧಿಯನ್ನು ತಪಾಸಣೆಯ ನಮೂನೆಗೆ ಒಳಪಡಿಸದೆ ಶಿಕ್ಷಕರಿಗೆ ಬಿಡುವುದು, ಊರಿನ ಜಮಖಾನ ನೇಯುವವರನ್ನೂ ತೊಟ್ಟಿಲಿಗೆ ಬಣ್ಣ ಬರೆಯುವವರನ್ನೂ ಗೌರವಧನ ಕೊಟ್ಟು ಆ ಅವಧಿಗೆ ಕರೆಯುವುದು, ಅಲ್ಲಿ ನಡೆದದ್ದನ್ನು ಶಿಕ್ಷಕರೇ ಬರೆದು ‘ಜೀವನ ಶಿಕ್ಷಣ’ದಂಥ ಪತ್ರಿಕೆಯಲ್ಲಿ ಪರಸ್ಪರ ವಿಮರ್ಶೆಗೆ ಒಡ್ಡುವುದು, ಇಷ್ಟರಿಂದ ಆರಂಭಿಸಬಹುದು. ಉತ್ತರದಾಯಿತ್ವ ಇದರಿಂದ ಕಡಿಮೆಯಾಗುವುದಿಲ್ಲ. ಅಂಕಿಗಳನ್ನು ಕಚೇರಿಗೆ ಕಳಿಸಿ ಮುಗಿಯುತ್ತಿದ್ದ ಹೊಣೆ ಕಾರಣಗಳನ್ನು ಸಹೋದ್ಯೋಗಿಗಳ ಎದುರು ವಿವರಿಸುವ ಹೊಣೆಯಾಗುತ್ತದೆ. 1865ರಲ್ಲಿ ‘ಮಠಪತ್ರಿಕೆ’ ಹಾಕಿದ ಬುನಾದಿಯ ಮೇಲೆ ಕಟ್ಟುವ ಕೆಲಸ ಇನ್ನೂ ಬಾಕಿಯಿದೆ.