ಹೌದೆಂದರು, ಆದರೆ...

ಕರ್ನಾಟಕ ಏಕೀಕರಣದ ಇತಿಹಾಸವನ್ನು ನಾವು ಸಮ್ಮೇಳನ, ಸತ್ಯಾಗ್ರಹ, ಆಯೋಗಗಳ ಇತಿಹಾಸವಾಗಿ ಓದುತ್ತ ಬಂದಿದ್ದೇವೆ. ಆ ಕಾಲದ ಮುಖಂಡರು ಬಳಸಿದ ಮಾತುಗಳ ಕಡೆಗೆ ಹೋದ ಲಕ್ಷ್ಯ ಕಡಿಮೆ. 1920ರಿಂದ 1956ರ ವರೆಗಿನ ಮೂವತ್ತಾರು ವರ್ಷಗಳಲ್ಲಿ ಕನ್ನಡಿಗರಿಗೆ ‘ಇಲ್ಲ’ ಎಂದು ನೇರವಾಗಿ ಹೇಳಿದ ರಾಜಕಾರಣಿಗಳು ಬಹಳಿಲ್ಲ. ಕೇಳಿ ಬಂದುದು ಹೆಚ್ಚಾಗಿ ‘ಹೌದು’ ಎಂಬ ಮಾತೇ. ಆದರೆ ಆ ಹೌದಿಗೆ ಒಂದು ಬಾಲವಿರುತ್ತಿತ್ತು. ಈ ಬಾಲದ ಕಥೆಯನ್ನೇ ಇಲ್ಲಿ ಸ್ವಲ್ಪ ಹೇಳಬೇಕೆಂದಿದ್ದೇವೆ.

ಇಂಥ ಬಾಲವನ್ನು ಕಟ್ಟುವ ಕಲೆಯಲ್ಲಿ ನಮ್ಮ ಮುಖಂಡರಿಗೆ ಗುರುಗಳು ಮೊದಲೇ ಇದ್ದರು. 1858ರಲ್ಲಿ ವಿಕ್ಟೋರಿಯಾ ರಾಣಿಯ ಘೋಷಣಾಪತ್ರವು ಜಾತಿ ಮತಗಳ ಭೇದವಿಲ್ಲದೆ ಭಾರತೀಯರಿಗೂ ಸರಕಾರಿ ಹುದ್ದೆಗಳನ್ನು ಕೊಡುವ ಭರವಸೆಯಿತ್ತಿತು. ನಡುವೆ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಅರ್ಥದ ಮೂರು ನಾಲ್ಕು ಶಬ್ದಗಳನ್ನು ಮಾತ್ರ ಸೇರಿಸಿತು. ಈ ಭರವಸೆಗಳು ಎಂದೂ ಈಡೇರತಕ್ಕವಲ್ಲವೆಂದೂ, ಜನರಿಗೆ ಕೊಡುವುದಿಲ್ಲವೆನ್ನುವುದೇ ಅವರನ್ನು ವಂಚಿಸುವುದೇ ಎಂಬ ಎರಡರಲ್ಲಿ ತಾವು ಹೆಚ್ಚು ವಕ್ರವಾದ ದಾರಿಯನ್ನೇ ಹಿಡಿದೆವೆಂದೂ 1878ರಲ್ಲಿ ವೈಸ್‌ರಾಯ್ ಲಿಟ್ಟನ್ನನು ಗುಪ್ತ ಟಿಪ್ಪಣಿಯಲ್ಲಿ ಬರೆದನು. ಅದನ್ನು ತಮ್ಮ ಗ್ರಂಥದಲ್ಲಿ ಸೇರಿಸಿ ಲೋಕದ ಮುಂದಿಟ್ಟವರು ನಮ್ಮ ಈ ಮುಂಬಯಿಯ ದಾದಾಭಾಯಿ ನವರೋಜಿಯವರು. ಪರದೆಯ ಹಿಂದಿನ ಮಾತು ಹೀಗೆ ಹೊರಬೀಳುವುದು ಅಪರೂಪ.

ಇನ್ನು ನಮ್ಮ ವಿಷಯ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ವವನ್ನು ಒಪ್ಪಿ, ಅದಕ್ಕನುಸಾರವಾಗಿ ತನ್ನ ಪ್ರಾಂತಿಕ ಸಮಿತಿಗಳನ್ನು ರಚಿಸಿಕೊಂಡಿತು. ಅದು ಬರಿಯ ಮಾತಲ್ಲ, ಕೃತಿ. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು, ಮೇಲಾಗಿ ಜಮಖಂಡಿ ಸವಣೂರುಗಳಂಥ ಪುಟ್ಟ ಸಂಸ್ಥಾನಗಳು, ಹೀಗೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕಾಂಗ್ರೆಸ್ಸಿನ ಕಾಗದಪತ್ರಗಳಲ್ಲಾದರೂ ಒಂದು ಕರ್ನಾಟಕ ದೊರೆಯಿತು. 1928ರ ಮೋತಿಲಾಲ ನೆಹರೂ ವರದಿಯೂ ನಮ್ಮ ಬೇಡಿಕೆಯನ್ನು ಎತ್ತಿ ಹಿಡಿಯಿತು. ಅಧಿಕಾರ ಪರರ ಕೈಯಲ್ಲಿದ್ದಾಗ ಮಾತು ಹೀಗೆ ನಿಚ್ಚಳವಾಗಿತ್ತು.

ಅಧಿಕಾರ ಸಮೀಪಿಸಿದಂತೆ ಮಾತು ಮಸುಕಾಯಿತು. 1945-46ರ ಚುನಾವಣೆಗಾಗಿ ಹೊರಡಿಸಿದ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಪ್ರಾಂತಗಳನ್ನು ಭಾಷೆ ಸಂಸ್ಕೃತಿಗಳ ಆಧಾರದ ಮೇಲೆ ‘ಸಾಧ್ಯವಾದಷ್ಟು ಮಟ್ಟಿಗೆ’ ರಚಿಸಬೇಕೆಂಬ ಮಾತು ಬಂತು. ರಾಣಿಯ ಶಬ್ದಗಳೇ ಖಾದಿಯುಟ್ಟು ಬಂದಂತೆ! ಸಾಧ್ಯವೆಷ್ಟೆಂಬುದನ್ನು ಅಳೆಯುವ ಗಜಕೋಲು ಯಾರ ಕೈಯಲ್ಲಿ ಎಂಬುದನ್ನು ಯಾರೂ ಹೇಳಲಿಲ್ಲ. 1947ರ ನವೆಂಬರಿನಲ್ಲಿ ಪಂಡಿತ ನೆಹರೂ ಅವರು ತತ್ವವನ್ನು ಒಪ್ಪಿದರು. ಆದರೆ ದೇಶದ ಭದ್ರತೆ ಮೊದಲು ಎಂದರು. ಇಲ್ಲಿ ನ್ಯಾಯವಾಗಿ ಮಾತಾಡಬೇಕು. ದೇಶ ಒಡೆದಿತ್ತು, ನಿರಾಶ್ರಿತರು ಬಂದು ತುಂಬಿದ್ದರು, ಹೈದರಾಬಾದಿನ ಪ್ರಶ್ನೆ ಬಗೆಹರಿದಿರಲಿಲ್ಲ. ತಡೆಯಿರಿ ಎನ್ನಲು ಕಾರಣಗಳು ನಿಜವಾಗಿಯೂ ಇದ್ದುವು. ನಮ್ಮ ಆಕ್ಷೇಪ ತಡೆದುದಕ್ಕಲ್ಲ. ಎಲ್ಲಿಯವರೆಗೆ ಎಂದು ಹೇಳದೆ ತಡೆದುದಕ್ಕೆ. ಹಳ್ಳಿಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದುಂಟು. ಆ ಬರೆಹದ ಸೊಗಸೆಂದರೆ ಅದು ಯಾವ ದಿನ ಓದಿದರೂ ಸತ್ಯವಾಗಿಯೇ ಇರುತ್ತದೆ.

1948ರ ಜೂನಿನಲ್ಲಿ ನೇಮಕವಾದ ದಾರ್ ಆಯೋಗ ಆ ವರ್ಷದ ಡಿಸೆಂಬರಿನಲ್ಲಿ, ಭಾಷೆಯೊಂದನ್ನೇ ಅಥವಾ ಮುಖ್ಯವಾಗಿ ಭಾಷೆಯನ್ನು ನೋಡಿ ಪ್ರಾಂತ ರಚಿಸುವುದು ರಾಷ್ಟ್ರಹಿತಕ್ಕೆ ತಕ್ಕುದಲ್ಲವೆಂದು ಬರೆಯಿತು. ಈ ಆಯೋಗವನ್ನು ನಮ್ಮವರು ಬೇಕಾದಷ್ಟು ಬೈದಿದ್ದಾರೆ. ನಮಗಂತೂ ಅದರ ಮೇಲೆ ಅಷ್ಟು ಕೋಪವಿಲ್ಲ. ಅದು ಇಲ್ಲವೆಂದಿತು, ಇಲ್ಲವೆಂದವರೊಡನೆ ವಾದಿಸಬಹುದು. ಆದರೆ ಅದೇ ತಿಂಗಳು ಜಯಪುರದಲ್ಲಿ ಕಾಂಗ್ರೆಸ್ಸು ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯನ್ನು ಮಾಡಿತು. 1949ರ ಏಪ್ರಿಲಿನಲ್ಲಿ ಬಂದ ಅವರ ವರದಿಯೊಡನೆ ವಾದಿಸುವುದು ಹೇಗೆ? ಹಿಂದೆ ತತ್ವವನ್ನು ಒಪ್ಪಿದಾಗ ಅದನ್ನು ಆಚರಣೆಗೆ ತರುವ ಪ್ರಸಂಗ ಬಂದಿರಲಿಲ್ಲವಾದ್ದರಿಂದ ಪರಿಣಾಮಗಳನ್ನೆಲ್ಲ ಯೋಚಿಸಿರಲಿಲ್ಲವೆಂದಿತು. ಸದ್ಯಕ್ಕೆ ಮುಂದೂಡಬೇಕೆಂದಿತು. ಜೊತೆಗೆ, ಜನರ ಭಾವನೆ ಪಟ್ಟು ಹಿಡಿದದ್ದೂ ಅಪ್ರತಿಹತವಾದದ್ದೂ ಆಗಿದ್ದರೆ ಪ್ರಜಾಪ್ರಭುತ್ವವಾದಿಗಳಾದ ತಾವು ಅದಕ್ಕೆ ಮಣಿಯಲೇಬೇಕು, ಭಾರತದ ಹಿತಕ್ಕಾಗಿ ಕೆಲವು ಮಿತಿಗಳಿಗೊಳಪಟ್ಟು, ಎಂದೂ ಸೇರಿಸಿತು.

ಕಿವಿಗೆ ಎಷ್ಟು ಇಂಪಾದ ಮಾತು! ಆದರೆ ಭಾವನೆ ಅಪ್ರತಿಹತವೆಂದು ಸಿದ್ಧಪಡಿಸುವ ಬಗೆ ಯಾವುದು? ಸಹಿಗಳಿಂದಲೋ, ಠರಾವುಗಳಿಂದಲೋ? ಅವು ಆಗಲೇ ರಾಶಿ ಬಿದ್ದಿದ್ದುವು. ಉತ್ತರವನ್ನು ಮೊದಲು ಕಂಡುಕೊಂಡವರು ಆಂಧ್ರರು. ಮದರಾಸಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು 1952ರ ಅಕ್ಟೋಬರ್ 19ರಂದು ಉಪವಾಸ ಹಿಡಿದು ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ನಾಲ್ಕೇ ದಿನಗಳಲ್ಲಿ ಆಂಧ್ರ ರಾಜ್ಯದ ಪ್ರಕಟಣೆಯಾಯಿತು. ಅಂದಮೇಲೆ ಆ ಇಂಪಾದ ವಾಕ್ಯಕ್ಕೆ ಬೆಲೆ ಗೊತ್ತಾಯಿತು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತರು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಪ್ರಾಂತಿಕ ಕಾಂಗ್ರೆಸ್ ಸಮಿತಿ ಕೂಡಿದಾಗ ಊರೇ ಎದ್ದು ಗಲಭೆಯಾಯಿತು. ಗಲಭೆಯನ್ನು ನಾವು ಹೊಗಳುವವರಲ್ಲ. ಆದರೆ ‘ಭಾವನೆ ಎಷ್ಟಿದೆ ತೋರಿಸಿ’ ಎಂದು ಮುಖಂಡರೇ ಕೇಳಿದ್ದರಲ್ಲವೆ?

ದೂಷಣೆಯನ್ನೆಲ್ಲ ದಿಲ್ಲಿಯ ಮೇಲೆ ಹೊರಿಸುವುದೂ ಸರಿಯಲ್ಲ. ಹಳೆಯ ಮೈಸೂರಿನ ಕೆಲವು ಮುಖಂಡರು ಏಕೀಕರಣವನ್ನು ವಿರೋಧಿಸುವಾಗ ‘ಆರ್ಥಿಕ ಹೊರೆ’, ‘ಮೈಸೂರಿನ ಹಿತ’ ಎಂಬ ಗೌರವಸ್ಥ ಶಬ್ದಗಳನ್ನು ಮುಂದೆ ಮಾಡುತ್ತಿದ್ದರು. ಆ ಶಬ್ದಗಳ ಹಿಂದೆ ಜಾತಿಗಳ ಸಂಖ್ಯಾಬಲದ ಲೆಕ್ಕವೂ ಇತ್ತೆಂಬುದು ಎಲ್ಲರಿಗೂ ಗೊತ್ತಿತ್ತು, ಸಭೆಯಲ್ಲಿ ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ತನ್ನ ವರದಿಯಲ್ಲಿ ಲಿಂಗಾಯತ, ಒಕ್ಕಲಿಗ ಎಂದು ಹೆಸರೆತ್ತಿಯೇ ಆ ಭಯವನ್ನು ಚರ್ಚಿಸಿ, ಅದು ರಾಜ್ಯವನ್ನು ತಡೆಯುವಷ್ಟು ದೊಡ್ಡದಲ್ಲವೆಂದು ತೀರ್ಮಾನಿಸಿತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರೂ ತಮ್ಮ ಸುತ್ತಣವರ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಂತರು. ಹೆಸರಿಟ್ಟು ಕರೆದೊಡನೆ ಆ ಭಯದ ಅರ್ಧ ಬಲ ಇಳಿದುಹೋಯಿತೆಂದು ನಮಗೆ ತೋರುತ್ತದೆ.

1956ರ ನವೆಂಬರ್ 1ರಂದು ರಾಜ್ಯ ಬಂತು. ಆಯೋಗ ‘ಕರ್ನಾಟಕ’ವೆಂದು ಬರೆದಿದ್ದ ಹೆಸರು ಕಾಯಿದೆಯಲ್ಲಿ ‘ಮೈಸೂರು’ ಆಯಿತು. ಹೆಸರಿಗಾಗಿ ಇನ್ನೂ ಹದಿನೇಳು ವರ್ಷ, ದೇವರಾಜ ಅರಸರ ಕಾಲದ 1973ರ ನವೆಂಬರ್ 1ರ ವರೆಗೆ, ಕಾಯಬೇಕಾಯಿತು. ಗಡಿಯ ವಿಷಯ ಇನ್ನೂ ವಿಚಿತ್ರ. 1967ರ ಮಹಾಜನ ವರದಿಯೇ ಅಂತಿಮವೆಂದು ನಮ್ಮ ಮುಖಂಡರು ಪ್ರತಿ ಸಲ ಗುಡುಗುತ್ತಾರೆ. ಬೆಳಗಾವಿ ನಮ್ಮದೆಂದೂ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ನಮಗೆ ಬರಬೇಕೆಂದೂ ಅದರಲ್ಲಿರುವುದು ನಿಜ. ಅದೇ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದೂ ಹೇಳಿದೆ. ಆ ಪುಟವನ್ನು ವೇದಿಕೆಯ ಮೇಲೆ ಓದಿದ ಭಾಷಣಕಾರರನ್ನು ನಾವಿನ್ನೂ ಕಂಡಿಲ್ಲ.