ಊರಿನಲ್ಲೇ ಪುನಶ್ಚೇತನ ಕೇಂದ್ರ: ದೇವಣಿಯ ನೆಲಕ್ಕೆ ಒಪ್ಪುವ ರಚನೆ

ನಡೆಯಲಾಗದ ಮಗುವನ್ನು ತಾಯಿ ಎಷ್ಟು ವರ್ಷ ಎತ್ತಿಕೊಂಡು ಶಾಲೆಗೆ ತಂದಾಳು? ಆಕೆಯ ಬೆನ್ನು ಸೋತ ದಿನ ಮಗುವಿನ ಓದೂ ನಿಲ್ಲುತ್ತದೆ. ಆದುದರಿಂದ ನಾವು ಈ ವಿಷಯವನ್ನು ಕಟ್ಟಡದ ಮಾತೆಂದಷ್ಟೇ ಎಣಿಸುವುದಿಲ್ಲ.

ಚಿಕಿತ್ಸೆಯನ್ನು ದೂರದ ಆಸ್ಪತ್ರೆಯಿಂದ ಓಣಿಗೆ ತರುವ ಸಮುದಾಯ ಆಧಾರಿತ ಪುನಶ್ಚೇತನ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1978ರ ಆಲ್ಮಾ ಆಟಾ ಘೋಷಣೆಯ ಬಳಿಕ ರೂಪಿಸಿತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡ ಲಾತೂರು, ಉಮರ್ಗಾ ಸೀಮೆಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಶಾಲೆಯ ಪಡಸಾಲೆಯೊಂದು ಇದಕ್ಕೆ ಸಾಕು. ಮೊದಲು ಇಳಿಜಾರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿ ಜಗುಲಿಗೆ ಹದಿನೆಂಟು ಅಡಿ. ಅಂಗಳ ಉಳಿಸಲೆಂದು ಆರು ಅಡಿಯಲ್ಲಿ ಮುಗಿಸಿದ ಇಳಿಜಾರು ಬೈಕು ಹತ್ತಿಸಲು ಮಾತ್ರ ಯೋಗ್ಯ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅದನ್ನು ತೆಗೆದು ಮೊರಂ ತುಂಬಿ ದಮ್ಮಸ್ಸು ಮಾಡದೆ ಕಾಂಕ್ರೀಟ್ ಹಾಕಿದರೆ ಸೀಳು ಬಿಡುತ್ತದೆ. ಗಾಲಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬಾಗಿಲು 900 ಮಿಲಿಮೀಟರ್ ಅಗಲವಿರಲಿ. ಕುರ್ಚಿ ತಿರುಗಲು ಒಳಗೆ ಐದಡಿ ತೆರವು ಇರಲಿ. ಶೌಚಾಲಯಕ್ಕೂ ಇದೇ ಅಳತೆ. ನಡಿಗೆಯ ಅಭ್ಯಾಸಕ್ಕೆ ಎರಡು ಸಮಾನಾಂತರ ಬಿದಿರು ಗಳುಗಳು ಸಾಕು. ಮಗು ಬೆಳೆದಂತೆ ಎತ್ತರ ಬದಲಿಸಲು ಕಂಬಗಳಲ್ಲಿ ತೂತುಗಳಿರಬೇಕು.

ವ್ಯಾಯಾಮದ ಸೂಚನೆಗಳು ಮರಾಠಿಯೊಡನೆ ಕನ್ನಡದಲ್ಲಿಯೂ ಗೋಡೆಯ ಮೇಲಿರಬೇಕೆಂಬುದು ನಮ್ಮ ಆಗ್ರಹ. ಮನೆಯಲ್ಲಿ ಕೈಕಾಲು ಮಡಿಸಿ ಚಾಚಿಸುವವಳು ಕನ್ನಡದ ಅಜ್ಜಿ. ಶಾಲಾ ಕಟ್ಟಡವು ಸುಗಮ್ಯವಾಗಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೇ ವಿಧಿಸುತ್ತದೆ. ಶಾಲಾ ವ್ಯವಸ್ಥಾಪನ ಸಮಿತಿಗೆ ಅರ್ಜಿ ಕೊಡುವಾಗ ಜಗುಲಿಯ ಎತ್ತರವನ್ನು ಅಳೆದು ಬರೆಯಿರಿ.