ಸಂಪಂಗಿ ಕೆರೆಯಂಗಳದ ಕಂಠೀರವ

ಬೆಂಗಳೂರಿನ ನಡುವಿರುವ ಶ್ರೀ ಕಂಠೀರವ ಕ್ರೀಡಾಂಗಣದ ನೆಲ ಹಿಂದೆ ಸಂಪಂಗಿ ಕೆರೆಯಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಬಳಿಕ ಊರಿನ ಕೆರೆಗಳ ಅಗತ್ಯ ಕುಗ್ಗಿ, ಸಂಪಂಗಿಯೂ ಬತ್ತಿ, ಅದರ ಅಂಗಳ, ಎಂದರೆ ನೀರು ನಿಲ್ಲುತ್ತಿದ್ದ ತಗ್ಗು, ಕಾಲಕ್ರಮದಲ್ಲಿ ಆಟದ ಬಯಲಾಯಿತು. ತಿಗಳ ಸಮುದಾಯವು ದ್ರೌಪದಿಯನ್ನು ಶಕ್ತಿದೇವತೆಯಾಗಿ ಆರಾಧಿಸುವ ಕರಗ ಉತ್ಸವದ ವಿಧಿಗಳಿಗೆಂದು ಉಳಿದಿರುವ ಪುಟ್ಟ ಕೊಳವೊಂದೇ ಆ ಕೆರೆಯ ಕುರುಹು; ಈ ನಷ್ಟ ಸಣ್ಣದೇನಲ್ಲ. ಆದರೂ ಬಸ್ಸಿನಲ್ಲೋ ಕಾಲ್ನಡಿಗೆಯಲ್ಲೋ ಸುಲಭವಾಗಿ ತಲುಪಬಹುದಾದ ಈ ಬಯಲು ನಗರಕ್ಕೆ ಆಟಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ: 2016ರಲ್ಲಿ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಇಲ್ಲಿಯೇ ಮಲೇಷ್ಯಾದ ತಂಡವನ್ನು 3–1ರಿಂದ ಮಣಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು, 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ನಾಡಿನ ಮೂಲೆಮೂಲೆಗಳಿಂದ ಬಂದ ಲಕ್ಷಾಂತರ ಜನರಿಗೆ ಎಡೆಮಾಡಿಕೊಟ್ಟದ್ದೂ ಇದೇ ಅಂಗಳ.